ಅರ್ಲೀನಳ ಕೈಗೆ ಒಗ್ಗುವ ಪಿಸ್ತೂಲು

ಬಂದೂಕಿನ ಅಂಗಡಿಯ ವರ್ನ್ ಟಟಲ್ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟ ಮೊದಲ ಪಿಸ್ತೂಲಿನ ಹಿಡಿ ಗುಲಾಬಿ ಬಣ್ಣದ್ದು. ಅದನ್ನು ನೋಡಿದ ಕೂಡಲೇ ಅರ್ಲೀನಳಿಗೆ ಮೈಯೆಲ್ಲ ಉರಿಯಿತು.

“ನಿನ್ನಂಥವರಿಗೇ ಅಂತ ಮಾಡಿದ್ದು ಇದು,” ಎಂದ ವರ್ನ್. “ಪುಟ್ಟ ಕೈಗೆ ಪುಟ್ಟ ಪಿಸ್ತೂಲು. ಕೈಚೀಲದಲ್ಲಿ ಲಿಪ್‌ಸ್ಟಿಕ್ ಪಕ್ಕ ಆರಾಮಾಗಿ ಕೂತ್ಕೊಳ್ಳುತ್ತೆ, ಇಲಿಮರಿ.”

“ನಾನು ಲಿಪ್‌ಸ್ಟಿಕ್ ಹಚ್ಚಿದ್ದು ಮದುವೆ ದಿನ ಒಂದೇ ಸಲ, ವರ್ನ್. ಆಮೇಲೆ ಏನಾಯ್ತು ಅಂತ ಊರಿಗೆಲ್ಲ ಗೊತ್ತು. ಬೇರೆ ತೋರ್ಸು.”

ನಲವತ್ತಾರು ವರ್ಷದ ಹೆಂಗಸನ್ನು ಊರು ಇನ್ನೂ ಇಲಿಮರಿ ಎಂದೇ ಕರೆಯುತ್ತಿತ್ತು. ಕಾರಣ ಅವಳ ಕೈ. ಹನ್ನೆರಡು ವರ್ಷದ ಹುಡುಗಿಯ ಕೈಗವಸು ಇವತ್ತಿಗೂ ಅವಳಿಗೆ ಸರಿಹೋಗುತ್ತದೆ. ವರ್ಷದ ಹನ್ನೊಂದು ತಿಂಗಳು ಅದು ನಗೆಚಾಟಿಕೆ. ಮಾರ್ಚ್ ಬಂದು ಕುರಿಗಳು ಈಯಲು ಶುರುವಾಯಿತೆಂದರೆ ಅಮೆರಿಕದ ವಯೋಮಿಂಗಿನ ಆ ಕಣಿವೆಯಲ್ಲಿ ಯಾರೂ ನಗುವುದಿಲ್ಲ. ಮರಿ ಅಡ್ಡ ಸಿಕ್ಕಿಕೊಂಡಾಗ ಗಂಡಸರ ಸನಿಕೆಯಂಥ ಕೈ ಒಳಗೆ ಹೋಗುವುದಿಲ್ಲ, ಅರ್ಲೀನಳದು ಹೋಗುತ್ತದೆ. ಇದೇ ವರ್ನ್ ಹೋದ ವರ್ಷ ತನ್ನ ಕುರಿಗಳಿಗಾಗಿ ಐದು ಸಲ ಫೋನು ಮಾಡಿ ಗೋಗರೆದಿದ್ದ. ಇವತ್ತು ಅದು ಅವನಿಗೆ ನೆನಪಿಲ್ಲ.

ಅವಳಿಗೆ ಹೊತ್ತಿರಲಿಲ್ಲ. ಡ್ವೇನ್ ಅವಳ ಹತ್ತಿರ ಸುಳಿಯಬಾರದು, ಬಂದೂಕು ಮುಟ್ಟಬಾರದು ಎಂದು ಕೋರ್ಟು ಕೊಟ್ಟ ಎರಡು ವರ್ಷದ ಆಜ್ಞೆ ನಾಳೆ ಶುಕ್ರವಾರ ಮಧ್ಯಾಹ್ನ ಮುಗಿಯುತ್ತಿತ್ತು. ಡ್ವೇನ್ ಎಂದರೆ ಅವಳ ಹಿಂದಿನ ಗಂಡ. ಅವಳ ಎಡಗೈಯ ಎರಡು ಬೆರಳನ್ನು ಪಿಕಪ್ಪಿನ ಬಾಗಿಲಿಗೆ ಕೊಟ್ಟು ಬಾಗಿಲು ಒದ್ದವನು. ಆಜ್ಞೆ ಮುಂದುವರಿಸಿ ಎಂದು ಕೇಳಿಕೊಂಡರೆ ನ್ಯಾಯಾಧೀಶರು, ನಿನ್ನ ದೂರುಗಳಿಗೆ ನಿನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ ಎಂದು ಕಾಗದ ಮಡಚಿಟ್ಟರು. ಶೆರಿಫ್‌ನ ಪೊಲೀಸ್ ಗಾಡಿ ಅವಳ ಮನೆ ಮುಟ್ಟಲು ಐವತ್ತು ನಿಮಿಷ ಬೇಕು. ಬೆರಳು ಮುರಿದ ದಿನ ಅವಳು ಅಡುಗೆಮನೆಯ ಗಡಿಯಾರ ನೋಡುತ್ತ ಕೂತು ತಿಳಿದುಕೊಂಡ ಲೆಕ್ಕ ಅದು.

ಅವಳು ಆ ಗುಲಾಬಿ ಪಿಸ್ತೂಲನ್ನು ಎತ್ತಿಕೊಂಡಳು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಗುಂಡು ನಳಿಗೆಗೆ ಏರಬೇಕು. ಎಳೆದಳು. ಅರ್ಧ ಬೆರಳಿನಷ್ಟು ಬಂದು ನಿಂತಿತು. ಮುರಿದು ಕೂಡಿದ ಬೆರಳುಗಳು ಜಾರಿದವು. ಹಲ್ಲು ಕಚ್ಚಿ ಮತ್ತೆ ಎಳೆದಳು, ಮತ್ತೆ ಜಾರಿತು.

“ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯಾ?” ಎಂದ ವರ್ನ್. “ದಿನಾ ಬೆಳಗ್ಗೆ ನಿಮ್ಮಣ್ಣ ರಾಯ್ಸ್ ಹತ್ರ ಎಳೆಸ್ಕೊಂಡು ಇಟ್ಕೋ. ನನ್ನ ಹೆಂಡ್ತಿದು ನಾನೇ ಎಳೆದುಕೊಡೋದು.”

“ಅವನು ಒಳಗೆ ಬಂದಾಗ ಏನನ್ಲಿ? ಸ್ವಲ್ಪ ತಡಿಯಪ್ಪ ಡ್ವೇನ್, ನಮ್ಮಣ್ಣ ಬರ್ಲಿ ಅನ್ಲಾ?”

ವರ್ನ್ ಸೋಲುವವನಲ್ಲ. ಗಿಡ್ಡ ರಿವಾಲ್ವರ್ ಒಂದನ್ನು ತೆಗೆದ. ಇದಕ್ಕೆ ಎಳೆಯುವ ಗೋಜೇ ಇಲ್ಲ, ಟ್ರಿಗರ್ ಒತ್ತಿದರೆ ಆಯಿತು ಎಂದ. ಒತ್ತುವುದಕ್ಕೆ ಅವಳ ತೋರುಬೆರಳು ಸಾಲಲಿಲ್ಲ. ಎರಡು ಬೆರಳು ಹಾಕಿ ಒತ್ತುವಷ್ಟರಲ್ಲಿ ನಳಿಗೆ ನೆಲ ನೋಡುತ್ತಿತ್ತು. ಅವನು ಮೂಗಿನಲ್ಲೇ ನಕ್ಕ. ಅವಳಿಗೆ ಆ ರಿವಾಲ್ವರನ್ನು ಅವನ ಮೂಗಿನ ಮೇಲೇ ಎಸೆಯೋಣ ಅನ್ನಿಸಿತು.

ಅಂಗಡಿಯ ಹಿಂದಿನ ಮಣ್ಣುಗುಡ್ಡೆಗೆ ಗುರಿಯ ಹಲಗೆ ನೆಟ್ಟಿತ್ತು. ಗುಲಾಬಿ ಪಿಸ್ತೂಲನ್ನು ವರ್ನ್ ತಾನೇ ಎಳೆದುಕೊಟ್ಟು, ಹೊಡಿ ಎಂದ. ಮೂರು ಗುಂಡು ಹಾರಿತು. ನಾಲ್ಕನೆಯದು ನಳಿಗೆಗೆ ಏರದೆ ಸಿಕ್ಕಿಕೊಂಡಿತು. ಬಿಡಿಸಿಕೊಟ್ಟ. ಎರಡು ಹಾರಿತು, ಮತ್ತೆ ಸಿಕ್ಕಿತು.

“ಮಣಿಕಟ್ಟು ಮೆದು, ಅದಕ್ಕೇ. ಕೈದೇ ತಪ್ಪು, ಪಿಸ್ತೂಲಿಂದಲ್ಲ.”

“ಇಲ್ಲಿ ಕೊಡು,” ಎಂದು ಯಾರೋ ಹಿಂದಿನಿಂದ ಹೇಳಿದರು. ಓಪಲ್ ಮುದುಕಿ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಈಗ ಗುರುವಾರಗಳಲ್ಲಿ ವರ್ನ್‌ನ ಅಂಗಡಿಯಲ್ಲಿ ಕೂರುವವಳು. ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಮಣಿಕಟ್ಟು ಅವಳದು. ಆರು ಗುಂಡು ತುಂಬಿ ಹೊಡೆದಳು. ಐದನೆಯದು ಸಿಕ್ಕಿಕೊಂಡಿತು.

“ನಂದೂ ಮೆದುನೇನೋ ವರ್ನ್?” ಎಂದಳು ಓಪಲ್. “ಅರವತ್ತು ಮಕ್ಕಳಿದ್ದ ಬಸ್ಸನ್ನ ಹಿಮದಲ್ಲಿ ಹಿಡಿದು ನಿಲ್ಲಿಸಿದ ಕೈ ಇದು. ಹೋಗು, ಒಳಗೆ ಹೋಗಿ ಕಾಫಿ ಮಾಡು. ಈ ಹುಡುಗಿ ಹತ್ರ ನಾನು ಮಾತಾಡ್ತೀನಿ.”

ಅವನು ಹೋದ ಮೇಲೆ ಓಪಲ್ ತನಗೇ ಹೇಳಿಕೊಳ್ಳುವವಳಂತೆ ಬೈಯುತ್ತ ಕಲಿಸಿದಳು. “ಈ ಗಂಡಸ್ರಿಗೆ ಕೈ ಚಿಕ್ಕದು ಅಂದ್ರೆ ಪಿಸ್ತೂಲೂ ಚಿಕ್ಕದಿರ್ಬೇಕು. ತಲೆ ಇಲ್ಲ ಇವ್ರಿಗೆ. ಪಿಸ್ತೂಲು ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ, ಒದೆಯೋದೂ ಜಾಸ್ತಿ. ನಿಂಗೆ ಬೇಕಿರೋದು ಸ್ವಲ್ಪ ದೊಡ್ಡದು, ಹಿಡಿ ತೆಳ್ಳಗಿರೋದು, ಸ್ಪ್ರಿಂಗ್ ಸಡ್ಲ ಇರೋದು. ಬೆರಳಿನ ಮೆತ್ತೆ ಟ್ರಿಗರ್ ಮೇಲೆ ಸರಿಯಾಗಿ ಕೂರ್ಬೇಕು, ತುದಿ ಅಲ್ಲ. ನೀನೇ ತುಂಬ್ಕೋಬೇಕು, ನೀನೇ ಎಳೀಬೇಕು, ಸಿಕ್ಕಿಕೊಂಡ್ರೆ ನೀನೇ ಬಿಡಿಸ್ಬೇಕು. ಇದ್ರಲ್ಲಿ ಒಂದಕ್ಕೆ ಇನ್ನೊಬ್ರು ಬೇಕು ಅಂದ್ರೂ ಅದು ನಿನ್ನ ಪಿಸ್ತೂಲಲ್ಲ ಕಣೇ.”

ಗಿರಾಕಿಗಳು ಹೊಡೆದು ನೋಡಲೆಂದು ಇಟ್ಟಿದ್ದ ಪಿಸ್ತೂಲುಗಳಲ್ಲಿ ನಾಲ್ಕನ್ನು ತಂದಳು. ಮೂರನ್ನು ಅರ್ಲೀನಳೇ ಬದಿಗೆ ಸರಿಸಿದಳು. ನಾಲ್ಕನೆಯದು ಕಪ್ಪು, ನೋಡಲು ಏನೂ ಇಲ್ಲ.

“ಎಳೀಬೇಡ. ಸ್ಲೈಡನ್ನ ಎಡಗೈ ಪೂರ್ತಿ ಮುಷ್ಟಿಲಿ ಹಿಡ್ಕೊಂಡು, ಎದೆ ಹತ್ರ ತಂದು, ಬಲಗೈನ ಮುಂದಕ್ಕೆ ದೂಡು. ಬಾಯಿ ಗುಡ್ಡೆ ಕಡೆಗೇ ಇರ್ಲಿ. ಬಾಗಿಲು ದೂಡಿದ ಹಾಗೆ.”

ದೂಡಿದಳು. ಸ್ಲೈಡು ಹಿಂದೆ ಹೋಗಿ ಟಕ್ಕೆಂದು ಮರಳಿತು. ಅರ್ಲೀನಳ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕಲ್ಲ, ರೋಷಕ್ಕೆ. ಇಷ್ಟು ಸಣ್ಣ ವಿಷಯವನ್ನು ಇಷ್ಟು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಇಲ್ಲಿ ಕೊಡು ನಾನು ಮಾಡ್ತೀನಿ ಎಂದವರೇ. ನೂರೈವತ್ತು ಗುಂಡು ಹೊಡೆದಳು. ಒಂದೂ ಸಿಕ್ಕಿಕೊಳ್ಳಲಿಲ್ಲ. ಓಪಲ್ ಅದಕ್ಕೆ ತಕ್ಕ ಗಟ್ಟಿ ಒರೆಯನ್ನೂ ಹುಡುಕಿ, “ಕೈಚೀಲದಲ್ಲಿ ಇಡಬೇಡ, ಸೊಂಟದಲ್ಲಿರ್ಲಿ. ಕೈಚೀಲ ಮೇಜಿನ ಮೇಲಿರುತ್ತೆ, ನೀನು ಸ್ನಾನದ ಮನೇಲಿರ್ತೀಯ,” ಎಂದಳು.

ಅರ್ಜಿ ತುಂಬಿ, ವರ್ನ್ ಫೋನಿನಲ್ಲಿ ಅವಳ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂದು ವಿಚಾರಿಸಿ, ಹೊಸದೊಂದನ್ನು ಅವಳ ಕೈಗೆ ಕೊಟ್ಟದ್ದಾಯಿತು. ಅವಳು ಹೊರಡುವಾಗ ಅವನು ಒಳಗಿನಿಂದ ಉದ್ದದ ಚೀಲವೊಂದನ್ನು ತಂದು ಪೆಟ್ಟಿಗೆಯ ಮೇಲಿಟ್ಟ.

“ರಾಯ್ಸ್ ಮನೆ ಕಡೆ ಹೋಗ್ತೀಯಾ? ಇದನ್ನ ಕೊಟ್ಟುಬಿಡು. ತುಕ್ಕು ತೆಗೆದಿದ್ದೀನಿ, ಈಗ ಹೊಸದರ ಹಾಗಿದೆ.”

ಚೀಲದ ಬಾಯಿ ತೆರೆದಿತ್ತು. ರೈಫಲ್ಲಿನ ಮರದ ಮೇಲೆ ಕೆತ್ತಿದ್ದ ಹದಿನಾರು ಗೀರು ಕಾಣಿಸಿತು. ಒಂದು ಜಿಂಕೆಗೆ ಒಂದು ಗೀರು. ಹದಿನಾರು ಚಳಿಗಾಲ ಅವಳ ಮಲಗುವ ಕೋಣೆಯ ಗೋಡೆಗೆ ತೂಗಿದ್ದ ರೈಫಲ್ಲು ಅದು.

“ಇದು ಡ್ವೇನ್‌ದು. ಇದು ಶೆರಿಫ್ ಹತ್ರ ಇರ್ಬೇಕಿತ್ತು.”

“ಅಯ್ಯೋ, ಅವನ ನಾಲ್ಕೂ ಬಂದೂಕು ಎರಡು ವರ್ಷದಿಂದ ನಿಮ್ಮಣ್ಣನ ಬೀರುವಿನಲ್ಲೇ ಇದ್ಯಲ್ಲ. ನಂಬಿಗಸ್ತರ ಹತ್ರ ಇಡಬಹುದು ಅಂತ ಶೆರಿಫ್ ಕಡೆಯವರೇ ಒಪ್ಪಿದ್ರು. ನಿಂಗೆ ಗೊತ್ತಿರ್ಲಿಲ್ವಾ?” ವರ್ನ್ ಆಗ ಅವಳ ಮುಖ ನೋಡಿದ. “ನೋಡು, ನಾಳೆ ಹೇಗೂ ಅವಧಿ ಮುಗಿಯುತ್ತೆ. ಅವನ ಸೊತ್ತು ಅವನಿಗೆ ಹೋಗ್ಬೇಕಲ್ಲ.”

“ಅದನ್ನ ನನ್ನ ಕೈಯಲ್ಲೇ ಕಳಿಸ್ತಿದ್ದೀಯಲ್ಲ ವರ್ನ್,” ಎಂದಳು ಅರ್ಲೀನ್. “ನಿನ್ನ ಅಂಗಡಿಗೆ ಬೆಂಕಿ ಬೀಳ.” ಚೀಲವನ್ನು ಕಿತ್ತುಕೊಂಡು ಹೊರಟಳು.

ರಾಯ್ಸನ ಮನೆಗೆ ಒಂಬತ್ತು ಮೈಲಿ. ಅಷ್ಟುದ್ದಕ್ಕೂ ಗಟ್ಟಿಯಾಗಿ ಬೈಯುತ್ತ ಗಾಡಿ ಓಡಿಸಿದಳು. ಅಣ್ಣ ಕ್ರಿಸ್‌ಮಸ್ಸಿನಲ್ಲಿ ಅವಳ ಮನೆಯ ಮೇಜಿನಲ್ಲಿ ಕೂತು ಹಂದಿಮಾಂಸ ತಿಂದು, ಡ್ವೇನ್ ಇರುವೆಯನ್ನೂ ತುಳಿಯುವವನಲ್ಲ, ನೀನು ಸುಮ್ಮನೆ ಹೆದರುತ್ತೀಯ ಎಂದಿದ್ದ. ಅವತ್ತು ಆ ಬಂದೂಕುಗಳು ಅವನ ಬೀರುವಿನಲ್ಲಿದ್ದವು. ಒಡಹುಟ್ಟಿದವನು!

ರಾಯ್ಸ್ ಕುರಿಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದ. ಎದುರಿಗೆ ಕುರಿಯೊಂದು ಕತ್ತು ನೀಡಿ ನರಳುತ್ತಿತ್ತು.

“ದೇವರೇ ಕಳಿಸಿದ ನಿನ್ನ. ಒಂದು ಗಂಟೆಯಿಂದ ಒದ್ದಾಡ್ತಿದೆ. ನನ್ನ ಕೈ ಹೋಗ್ತಿಲ್ಲ ಇಲಿಮರಿ.”

ಅವಳ ಕೋಪ ಕುರಿಯ ಮೇಲಿರಲಿಲ್ಲ. ಜಾಕೆಟ್ಟು ಬಿಚ್ಚಿ, ಮೊಣಕೈವರೆಗೆ ಸೋಪು ಹಚ್ಚಿ, ಕೂತು ಕೈ ಒಳಗಿಟ್ಟಳು. ಎರಡು ಮರಿ. ಒಂದರ ಕಾಲು ಇನ್ನೊಂದರ ಕತ್ತಿಗೆ ಸಿಕ್ಕಿಕೊಂಡಿತ್ತು. ಯಾವ ಕಾಲು ಯಾವುದರದು ಎಂದು ಬೆರಳಿನಲ್ಲೇ ಹುಡುಕುತ್ತ ಹೇಳಿದಳು:

“ಡ್ವೇನ್‌ನ ರೈಫಲ್ಲು ನನ್ನ ಗಾಡೀಲಿದೆ. ತುಕ್ಕು ಹೋಗಿ ಹೊಸದರ ಹಾಗಿದೆಯಂತೆ.”

ರಾಯ್ಸ್ ಕುರಿಯ ಹೆಗಲನ್ನು ಅದುಮಿ ಹಿಡಿಯಲು ಬಾಗಿದ. ಬಾಗಿದಾಗ ಅವನ ಅಂಗಿ ಮೇಲೆದ್ದಿತು. ಸೊಂಟದಲ್ಲಿ ಪಿಸ್ತೂಲಿನ ಹಿಡಿ ಕಾಣಿಸಿತು. ಹುಟ್ಟಿದಾಗಿನಿಂದ ಬಲ್ಲ ಅಣ್ಣ, ಕೊಟ್ಟಿಗೆಯೊಳಗೆ ಪಿಸ್ತೂಲು ಕಟ್ಟಿಕೊಂಡದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

“ಅದೇನೋ ಸೊಂಟದಲ್ಲಿ?”

“ತೋಳದ ಕಾಟ.”

“ಹಾಡಹಗಲು, ಬಾಗಿಲು ಹಾಕಿದ ಕೊಟ್ಟಿಗೇಲಿ? ರಾಯ್ಸ್, ನನ್ನ ಕಣ್ಣು ನೋಡಿ ಹೇಳು.”

ಅವನು ಕುರಿಯನ್ನೇ ನೋಡಿದ. “ಡ್ವೇನ್ ಮೂರು ಸಲ ಫೋನ್ ಮಾಡಿದ್ದ,” ಎಂದ. “ನಾಳೆ ಹನ್ನೆರಡಕ್ಕೆ ನಾಲ್ಕೂ ಬಂದೂಕು ಜಗಲಿ ಮೇಲಿರ್ಬೇಕಂತೆ. ಇಲ್ದಿದ್ರೆ... ನನ್ನ ಹೆಣ್ಮಕ್ಕಳು ಬಸ್ಸಿಳಿಯೋ ಜಾಗ ಗೊತ್ತು ಅಂದ. ಮೊದಲು ಅರ್ಲೀನ್ ಹತ್ರ ಕೆಲಸ ಇದೆ, ಆಮೇಲೆ ನಿನ್ನ ಮಕ್ಕಳು ಅಂದ.”

ಮೊದಲ ಮರಿಯ ಕಾಲು ಬೆರಳಿಗೆ ಸಿಕ್ಕಿತು. ಅದನ್ನು ಹಿಂದಕ್ಕೆ ಸರಿಸಿ, ತಲೆ ತಿರುಗಿಸಿ, ಎಳೆದಳು. ಮರಿ ಹುಲ್ಲಿನ ಮೇಲೆ ಬಿದ್ದು ಸೀನಿತು. ಅದರ ಬಾಯಿಯ ಲೋಳೆಯನ್ನು ಬೆರಳಿನಿಂದ ತೆಗೆದಳು.

“ಮೊದಲು ನನ್ನ ಹತ್ರ ಅಂದ. ಅದನ್ನ ಕೇಳಿಸ್ಕೊಂಡು ನೀನು ಅವನ ರೈಫಲ್ಲಿನ ತುಕ್ಕು ತೆಗೆಸಿದೆ. ನಿನ್ನ ಸೊಂಟಕ್ಕೊಂದು ಕಟ್ಕೊಂಡೆ. ನನಗೆ ಮಾತ್ರ ಇರುವೆ ಕಥೆ ಹೇಳಿದೆ!”

“ನಿನ್ನ ಹೆದರಿಸೋದು ಬೇಡ ಅಂತ—”

“ಥೂ ನಿನ್ನ! ನಾನು ಎರಡು ವರ್ಷದಿಂದ ಹೆದರ್ಕೊಂಡೇ ಇದ್ದೀನಿ ಕಣೋ. ಹೊಸದಾಗಿ ಹೆದರಿದವನು ನೀನು!”

ಎರಡನೆಯ ಮರಿಯನ್ನೂ ಎಳೆದಳು. ಅದರ ಮೂಗು ಒರೆಸಿ ತಾಯಿಯ ಮುಂದಿಟ್ಟು, ಬಕೆಟ್ಟಿನಲ್ಲಿ ಕೈ ತೊಳೆದಳು. ನೀರು ಕೊರೆಯುತ್ತಿತ್ತು.

“ಬೀರು ತೆಗಿ. ಉಳಿದ ಮೂರನ್ನೂ ಗಾಡಿಗೆ ಹಾಕು. ಐದು ಗಂಟೆಯೊಳಗೆ ಶೆರಿಫ್ ಕಚೇರಿಗೆ ಹೋಗೋಣ. ಅವನಿಗೆ ಬೇಕಾದ್ರೆ ಅಲ್ಲಿ ಬಂದು ಕೇಳ್ಲಿ.”

“ನಾನು ಮಾತು ಕೊಟ್ಟಿದ್ದೀನಿ ಅವನಿಗೆ.”

“ನಮ್ಮಮ್ಮ ಸಾಯೋವಾಗ ನನ್ನ ವಿಷಯಕ್ಕೂ ಒಂದು ಮಾತು ಕೊಟ್ಟಿದ್ದೆ. ಯಾವುದನ್ನ ಉಳಿಸ್ಕೋತೀಯ ನೋಡ್ಕೋ. ಇಲ್ದಿದ್ರೆ ಈ ಕೈ ಇನ್ಮೇಲೆ ನಿನ್ನ ಕೊಟ್ಟಿಗೆಗೆ ಬರಲ್ಲ.”

ಅವನು ಎದ್ದು ಮೊಣಕಾಲಿನ ಹುಲ್ಲು ಕೊಡವಿದ. ಆಮೇಲೆ ಬೀರುವಿನ ಕೀಲಿ ತರಲು ಹೋದ.

ಕಚೇರಿಯ ಬಾಗಿಲಲ್ಲಿ ಇಬ್ಬರೂ ತಮ್ಮ ತಮ್ಮ ಪಿಸ್ತೂಲುಗಳನ್ನು ಗಾಡಿಯಲ್ಲಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಒಳಗೆ ಡೆಪ್ಯುಟಿ ಕರ್ಟಿಸ್ ಇದ್ದ. ಎರಡು ವರ್ಷದಲ್ಲಿ ಅರ್ಲೀನಳ ಏಳು ದೂರನ್ನು ಬರೆದುಕೊಂಡು, ಏಳು ಸಲವೂ “ನೋಡೋಣಮ್ಮ” ಎಂದವನು. ಬಂದೂಕುಗಳನ್ನು ಎಣಿಸಿಕೊಂಡು ರಾಯ್ಸನ ಮುಂದೆ ಒಂದು ಕಾಗದ ಇಟ್ಟ. ಯಾಕೆ ಒಪ್ಪಿಸುತ್ತಿದ್ದೀರಿ ಎಂಬಲ್ಲಿ ಎರಡು ಗೆರೆ ಖಾಲಿ ಇತ್ತು.

ರಾಯ್ಸ್ ಪೆನ್ನು ಹಿಡಿದು ಕೂತ. ತಂಗಿಯ ಕಡೆ ನೋಡಿದ. ಕೊನೆಗೆ ಬರೆದ: ಡ್ವೇನ್ ನನ್ನ ತಂಗಿಯನ್ನು ಕೊಲ್ಲುತ್ತಾನೆಂದು ನನಗೆ ಭಯ. ನನ್ನ ಮಕ್ಕಳಿಗೂ ಬೆದರಿಕೆ ಹಾಕಿದ್ದಾನೆ.

ಕರ್ಟಿಸ್ ಓದಿದ. ಕುರ್ಚಿಯಿಂದ ಎದ್ದೇಬಿಟ್ಟ. “ಏನು ರಾಯ್ಸ್, ಇಷ್ಟು ದೊಡ್ಡ ವಿಷಯ! ನೀನೇ ಹೇಳ್ತೀಯ ಅಂದ್ಮೇಲೆ ಇದು ತಮಾಷೆ ಅಲ್ಲ. ಈಗ್ಲೇ ನ್ಯಾಯಾಧೀಶರಿಗೆ ಫೋನ್ ಮಾಡ್ತೀನಿ, ಆಜ್ಞೆ ಮುಂದುವರಿಸ್ತಾರೆ. ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

ಅರ್ಲೀನ್ ಮೇಜನ್ನು ಅಂಗೈಯಿಂದ ಹೊಡೆದಳು. ಲೋಟದ ಪೆನ್ನುಗಳು ಉರುಳಿದವು.

“ಏಳು ಸಲ ಹೇಳಿದ್ದೀನಿ ಕರ್ಟಿಸ್! ನಿನ್ನ ಹಿಂದಿರೋ ಕಪಾಟಲ್ಲಿ ನನ್ನ ಹೆಸರಲ್ಲಿ ಏಳು ಕಾಗದ ಇದೆ. ಇದೇ ಮಾತು, ಇದೇ ಮನುಷ್ಯ. ತೆಗೆದು ಓದು!”

ಕರ್ಟಿಸ್ ಕಪಾಟಿನ ಕಡೆ ತಿರುಗಲಿಲ್ಲ. ಕಿವಿ ಕೆಂಪಾಗಿತ್ತು. ಫೋನು ಎತ್ತಿಕೊಂಡ. ಹತ್ತು ನಿಮಿಷದಲ್ಲಿ ಆಜ್ಞೆ ಮುಂದುವರಿಯಿತು. ಎರಡು ವರ್ಷ ಆಗದ ಕೆಲಸಕ್ಕೆ ಹತ್ತೇ ನಿಮಿಷ ಸಾಕಾಯಿತು.

ಹೊರಗೆ ಬಂದಾಗ ರಾಯ್ಸ್‌ನ ಮುಖ ಹಗುರಾಗಿತ್ತು. ಗಾಡಿಯ ಬಾಗಿಲು ತೆರೆಯುತ್ತ ಹೇಳಿದ, “ಅಬ್ಬ, ಮುಗೀತು. ಇನ್ನು ಆ ಪಿಸ್ತೂಲು ನಿಂಗೆ ಬೇಕಾಗಲ್ಲ ಬಿಡು. ಬೇಕಾದ್ರೆ ನಾನೇ ವರ್ನ್‌ಗೆ ವಾಪಸ್ ಕೊಟ್ಟು ಬರ್ತೀನಿ.”

ಅರ್ಲೀನ್ ಪೆಟ್ಟಿಗೆಯ ಬೀಗ ತೆಗೆದು, ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಜಾಕೆಟ್ಟನ್ನು ಅದರ ಮೇಲೆ ಎಳೆದುಕೊಂಡಳು.

“ಅವರು ನಂಬಿದ್ದು ನಿನ್ನನ್ನ ರಾಯ್ಸ್, ನನ್ನನ್ನಲ್ಲ. ನೀನು ಪಕ್ಕದಲ್ಲಿಲ್ಲದ ದಿನ ನನಗೆ ಇದು ಬೇಕು. ಗಾಡಿ ಹತ್ತು, ಈದ ಕುರಿಗೆ ಬಿಸಿನೀರು ಕೊಡ್ಬೇಕು.”