ಸಾಲು ಬಿಟ್ಟ ಗುಂಡಿ

ನೂಲಿನ ಗಿರಣಿ ಸುಟ್ಟು ಐವತ್ತು ವರ್ಷವಾದ ಮೇಲೆ ನಗರಸಭೆ ಆ ಜಾಗದಲ್ಲಿ ಸ್ಮಾರಕ ತೋಟ ಮಾಡಲು ಹೊರಟಿತು. ಮಸಿ ಹಿಡಿದ ಒಂದು ಗೋಡೆಯನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಕೆಡವಿದ್ದರು. ಬೆಂಕಿಯಲ್ಲಿ ಸತ್ತ ನಲವತ್ತೊಂದು ಹೆಂಗಸರಿಗೆ ನಲವತ್ತೊಂದು ಗಿಡ. ತೋಟಗಾರ್ತಿ ಹಗ್ಗ ಹಿಡಿದು, ಅಳೆದು, ಸಾಲಾಗಿ ಗುಂಡಿ ತೋಡಿಸಿದಳು.

ಮರುದಿನ ಬೆಳಿಗ್ಗೆ ಎಣಿಸಿದರೆ ನಲವತ್ತೆರಡು. ಹೆಚ್ಚಾದ ಒಂದು ಗುಂಡಿ ಸಾಲು ಬಿಟ್ಟು ಗೋಡೆಯ ಬುಡದಲ್ಲಿತ್ತು. ಗುದ್ದಲಿಯ ಗುರುತಿಲ್ಲ, ಉಗುರಿನಿಂದ ಕೆರೆದಂತಿತ್ತು.

"ನಾಯಿ ಕೆರೆದಿರ್ಬೇಕು, ಮುಚ್ಚಿಸಮ್ಮ," ಎಂದ ನಗರಸಭೆಯ ಇಂಜಿನಿಯರ್.

ಮುಚ್ಚಿಸಿದಳು. ಮರುದಿನ ಅದು ಮತ್ತೆ ಬಾಯಿ ತೆರೆದಿತ್ತು. ಮೂರನೆಯ ದಿನ ಕಲ್ಲು ತುಂಬಿಸಿ, ಮಣ್ಣು ಗಟ್ಟಿಯಾಗಿ ತುಳಿಸಿ, ಊಟ ಬಿಟ್ಟು ಎದುರಿಗೇ ಕೂತಳು. ನಡುಮಧ್ಯಾಹ್ನ, ಕಣ್ಣೆದುರೇ, ಮಣ್ಣು ಒಳಕ್ಕೆ ಜಾರಿತು. ಕೈಯಿಟ್ಟಳು. ಒಲೆ ಪಕ್ಕದ ನೆಲದಂತೆ ಬಿಸಿ.

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದಳು. ಚಿಕ್ಕಮ್ಮ ಆ ಗಿರಣಿಯಲ್ಲೇ ದುಡಿದವಳು; ಬೆಂಕಿ ಬಿದ್ದ ದಿನ ಜ್ವರವೆಂದು ಮನೆಯಲ್ಲಿದ್ದು ಬದುಕಿಕೊಂಡವಳು. ಬಟ್ಟೆ ಮಡಚುತ್ತಿದ್ದ ಅವಳ ಕೈ ನಿಂತಿತು.

"ಗೋಡೆ ಹತ್ರ ಅಂದ್ಯಲ್ಲ, ಹಿಂದೆ ಬಾಗಿಲಿದ್ದ ಕಡೇನಾ?"

"ಹೂಂ."

"ಅವತ್ತು ನಂಗೆ ಜ್ವರಾನೂ ಇರ್ಲಿಲ್ಲ, ಏನೂ ಇರ್ಲಿಲ್ಲ ಕಣೇ. ಸಿನಿಮಾಕ್ಕೆ ಹೋಗಿದ್ದೆ. ಆ ಬಾಗಿಲ ಹತ್ರಾನೇ ನನ್ನ ಕೆಲಸದ ಜಾಗ. ನನ್ನ ಹಾಜರಿ ಚೀಟಿ ಕೊಟ್ಟು ಅಲ್ಲಿಗೆ ಪಕ್ಕದ ಮನೆ ಗುಬ್ಬೀನ ಕಳಿಸಿದ್ದೆ. ಹಿಂದೆಮುಂದೆ ಯಾರೂ ಇಲ್ಲದ ಹುಡುಗಿ. ನಾನು ಬದುಕಿದೀನಿ ಅಂತ ಪಟ್ಟಿಯಿಂದ ನನ್ನ ಹೆಸರು ತೆಗೆದ್ರು. ಅವಳನ್ನ ಯಾರೂ ಸೇರಿಸ್ಲಿಲ್ಲ. ಕೇಳಿದೋರಿಗೆ, ಊರು ಬಿಟ್ಟು ಹೋದ್ಳು ಅಂದ್ಬಿಟ್ಟೆ."

ತೋಟಗಾರ್ತಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಉಳಿದ ಬಟ್ಟೆಯನ್ನು ತಾನೇ ಎತ್ತಿಕೊಂಡು ಮಡಚತೊಡಗಿದಳು.

ಬೆಳಿಗ್ಗೆ ಚಿಕ್ಕಮ್ಮ ತಾನಾಗಿಯೇ ಹೊರಟು ಬಂದು ಇಂಜಿನಿಯರ್ ಮುಂದೆ ನಿಂತಳು. "ಇನ್ನೊಂದು ಹೆಸರಿದೆ, ಬರ್ಕೊಳಪ್ಪ."

"ದಾಖಲೆ ಬೇಕಲ್ಲ ಅಜ್ಜಿ?"

"ನಾನೇ ದಾಖಲೆ. ನನ್ನ ಬದಲು ಸತ್ತೋಳು ಅವಳು."

ಅವಳ ಮುಖ ನೋಡಿ ಅವನು ಬರೆದುಕೊಂಡ.

ಚಿಕ್ಕಮ್ಮ ಮೊಣಕಾಲೂರಿ, ಆ ಗುಂಡಿಯಲ್ಲಿ ತಾನೇ ಗಿಡವಿಟ್ಟು ಮಣ್ಣು ಒತ್ತಿದಳು. ಮಣ್ಣು ತಣ್ಣಗಿತ್ತು. ಆದರೆ ಬಲಗೈ ಮೇಲೆ ಬರಲಿಲ್ಲ. ಎಳೆದಳು, ಮಣಿಕಟ್ಟಿನವರೆಗೂ ಒಳಗೆ ಹೋಯಿತು. ತೋಟಗಾರ್ತಿ ಓಡಿಬಂದು ತೋಳು ಹಿಡಿದಳು.

"ಎಳೀಬೇಡ್ವೇ," ಎಂದಳು ಚಿಕ್ಕಮ್ಮ. ಮಣ್ಣಿಗೆ ಬಾಗಿ ಮೆಲ್ಲಗೆ, "ಬಿಡು ಗುಬ್ಬಿ. ನಾಳೆ ಬರ್ತೀನಿ. ಎಲ್ಲೂ ಹೋಗಲ್ಲ," ಎಂದಳು.

ಕೈ ಸಡಿಲವಾಗಿ ಮೇಲೆ ಬಂತು. ಮಣಿಕಟ್ಟಿನ ಸುತ್ತ ನಾಲ್ಕು ಕೆಂಪು ಬರೆ.

ಅಂದಿನಿಂದ ಚಿಕ್ಕಮ್ಮ ಒಂದು ದಿನವೂ ತಪ್ಪಿಸಿಲ್ಲ.