ಭರಮಣ್ಣನ ಪುಕ್ಕಟ ಕಂಬಳಿ

ಪುಕ್ಕಟ ಸಿಕ್ಕರ ನನಗೊಂದು ನಮ್ಮಪ್ಪಗೊಂದು ಅನ್ನೂ ಮಂದಿ ಎಲ್ಲಾ ಊರಾಗೂ ಇರ್ತಾರ. ದೇವರಗುಡ್ಡದಾಗ ಆ ಪೈಕಿ ಮೊದಲನೇ ಹೆಸರು ನಮ್ಮ ಭರಮಣ್ಣಂದು. ಮನಷ್ಯಾ ಖರೇ ಚಲೋ, ಮೈಮುರಿದು ದುಡಿಯಾವ. ಆದ್ರ ‘ಒಂದು ತಗೊಂಡ್ರ ಒಂದು ಪುಕ್ಕಟ’ ಅಂತ ಯಾರರ ಕೂಗಿದ್ರ ಸಾಕು, ಅವನ ಕಾಲು ತಾವಾಗೇ ಆ ಕಡೆ ತಿರುಗತಿದ್ದವು.

ಎರಡು ಸಾವಿರದ ಏಳನೇ ಇಸ್ವಿ ಮೇ ತಿಂಗಳು. ಮಗಳು ಶಿಲ್ಪಾನ ಮದಿವಿಗೆ ಇನ್ನ ಎಂಟು ದಿನ ಇತ್ತು. ಅರಿಷಿಣ-ಕುಂಕುಮ ತರತೇನಿ ಅಂತ ರಾಣೆಬೆನ್ನೂರಿಗೆ ಹೋದ ಭರಮಣ್ಣ ಒಂದು ದೊಡ್ಡ ಗಂಟು ಹೊತಗೊಂಡು ಬಂದ. ಕಟ್ಟಿ ಮ್ಯಾಲೆ ಅದನ್ನ ಇಳಿಸಿ ಹೆಂಡತಿ ಮಂಗಳವ್ವನ್ನ ಕೂಗಿದ.

“ಏ ಇವಳ, ಲಗೂ ಬಾ ಇಲ್ಲೆ! ಮದಿವಿ ಕಂಬಳಿ ತಂದೇನಿ. ಒಂದಲ್ಲ, ಎರಡು!”

ಅವರ ಮಂದ್ಯಾಗ ಮದಿವಿ ಅಂದ್ರ ಮೊದಲು ಕಂಬಳಿ. ಕರೀ ಕಂಬಳಿ ಹಾಸಿ, ಅದರ ಮ್ಯಾಲೆ ಅಕ್ಕಿ ಹಾಕಿ, ಮದುಮಕ್ಕಳನ್ನ ಕುಂದ್ರಿಸಿದ ಮ್ಯಾಲೇನ ಮುಂದಿನ ಕೆಲಸ. ಭರಮಣ್ಣನ ಮನಿಗೆ ಆ ಕಂಬಳಿ ಮೆಡ್ಲೇರಿಯಿಂದಾನ ಬರಬೇಕಾಗಿತ್ತು. ಅವನ ಅಕ್ಕ ಫಕ್ಕೀರವ್ವನ್ನ ಆ ಊರಿಗೆ ಕೊಟ್ಟಿದ್ರು. ಅಕ್ಕ ಕುರಿ ಉಣ್ಣಿ ನೂಲತಿದ್ಲು, ಅಕಿ ಗಂಡ ಶಂಕ್ರಪ್ಪ ಕುಣಿಮಗ್ಗದಾಗ ನೇಯತಿದ್ದ. ನೆಲದಾಗ ಕುಣಿ ತೋಡಿ, ಅದರಾಗ ಕಾಲು ಇಳಿಬಿಟ್ಟು ಕುಂತು ನೇಯೂ ಮಗ್ಗ ಅದು.

“ಏನ್ರೀ, ಅಕ್ಕ ದೀಪಾವಳಿಯಿಂದ ಶಿಲ್ಪಾನ ಸಲುವಾಗಿ ನೂಲಾಕತ್ತಾರ. ನೀವು ಇದನ್ಯಾಕ ತಂದ್ರಿ?” ಅಂದ್ಲು ಮಂಗಳವ್ವ.

“ಅಕ್ಕನ ಕಂಬಳಿ ಚುಚ್ಚತೈತಿ. ಇದನ್ನ ಮುಟ್ಟಿ ನೋಡು, ಬೆಕ್ಕಿನ ಮೈ ಇದ್ದಂಗ ಐತಿ! ಖರೇ ಕುರಿ ಉಣ್ಣಿ ಅಂತ ಮಾರಾವ ಆಣಿ ಮಾಡಿ ಹೇಳ್ಯಾನ.”

“ಯಾರ ಮ್ಯಾಲೆ ಆಣಿ ಮಾಡಿದ?”

“ಅವರ ಅವ್ವನ ಮ್ಯಾಲೆ.”

“ಅಕಿ ಅಲ್ಲೆ ಇದ್ಲೇನು?”

ಅಷ್ಟರಾಗ ಬಾಗಲಾಗ ಫಕ್ಕೀರವ್ವನೇ ಬಂದು ನಿಂತಿದ್ಲು. ಶಿಲ್ಪಾನ ಕಂಬಳಿ ನೇಯ್ದು ಮುಗದಿತ್ತು, ಅಂಚಿಗೆ ಯಾವ ಬಣ್ಣದ ದಾರ ಹಾಕಲಿ ಅಂತ ಹುಡುಗೀನ್ನ ಕೇಳಾಕ ಬಸ್ ಹತ್ತಿ ಬಂದಿದ್ಲು. ಕಟ್ಟಿ ಮ್ಯಾಲಿನ ಗಂಟು ನೋಡಿದ್ಲು. ಬಗ್ಗಿ ಒಂದು ತುದಿ ಹಿಡದು ಮೂಸಿದ್ಲು.

“ತಮ್ಮಾ, ಇದು ಕುರೀನ ಕಂಡಿಲ್ಲ.”

“ನಿನಗ ಗೊತ್ತಿಲ್ಲಕ್ಕಾ, ಈಗ ಹೊಸಾ ನಮೂನಿ ಕುರಿ ಬಂದಾವು,” ಅಂದ ಭರಮಣ್ಣ.

ಅಕ್ಕ ನಗಲಿಲ್ಲ. “ಹೊಸಾ ಕುರಿ ಸಂತಿ ತುಂಬ ಬಂದಾವು ಬಿಡು. ಮಂದಿ ಇದನ್ನ ಕಂಬಳಿ ಅಂತ ಹೊತಗೊಂಡು ಹೊಂಟಾರ, ನಮ್ಮದನ್ನ ಕೇಳಾವರಿಲ್ಲ. ನಿಮ್ಮ ಮಾವ ಮಗ್ಗ ಕಿತ್ತು ಕುಣಿ ಮುಚ್ಚತೇನಿ ಅಂತ ಕುಂತಾನ. ತಡೀರಿ, ಶಿಲ್ಪಾನ ಮದಿವ್ಯಾಗ ನಾಕು ಮಂದಿ ನಮ್ಮ ಕಂಬಳಿ ನೋಡತಾರ, ನಾಕು ಮಂದಿ ಬಂದು ಕೇಳತಾರ ಅಂತ ನಾನ ತಡದಿದ್ದೆ. ಒಡಹುಟ್ಟಿದ ತಮ್ಮನ ಮನ್ಯಾಗ ಬ್ಯಾಡಾದ್ದು ಮತ್ಯಾರಿಗೆ ಬೇಕು? ಸೋಮವಾರ ಮುಚ್ಚಲಿ.”

ಮಂಗಳವ್ವ ಚಾ ತರೂದ್ರಾಗ ಅಕ್ಕ ಹೊಂಟೇ ಹೋಗಿದ್ಲು. ಹೋಗೂವಾಗ ಬಾಗಲಾಗ ಶಿಲ್ಪಾ ಅಕಿ ಕಿವಿಯಾಗ ಏನೋ ಅಂದ್ಲು, ಅದು ಯಾರಿಗೂ ಕೇಳಲಿಲ್ಲ. ತವರಮನಿಗೆ ಬಂದ ಹೆಣ್ಣುಮಗಳು ಒಂದು ಗುಟಕ ಚಾ ಕುಡೀಲಾರದ ಹೋದ್ಲಲ್ಲಾ ಅಂತ ಮಂಗಳವ್ವ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಭರಮಣ್ಣಗೂ ಒಳಗೊಳಗ ಕಸಿವಿಸಿ ಆತು. ಆದ್ರ ಜಟ್ಟಿ ಬಿದ್ರೂ ಮೀಸಿ ಮಣ್ಣಾಗಬಾರದಲ್ಲಾ! “ಸಿಟ್ಟು ಇಳೀತಂದ್ರ ತಾನ ಬರತಾಳ,” ಅಂದ.

ಐತವಾರ ಮೋಟೆಬೆನ್ನೂರಿನಿಂದ ಬೀಗ ಶೇಖಪ್ಪ ಬಂದ, ಹುಡುಗನ ಅಪ್ಪ. ಹೆಗಲ ಮ್ಯಾಲೆ ಅವರಪ್ಪನ ಕಾಲದ್ದೊಂದು ಹಳೇ ಕಂಬಳಿ. ಅದನ್ನ ನೋಡಿ ಭರಮಣ್ಣ ಮೀಸ್ಯಾಗ ನಕ್ಕ. ಇನ್ನೇನು ತನ್ನ ಹೊಸಾವು ತಗದು ತೋರಸಬೇಕು, ಅಷ್ಟರಾಗ ಧೋ ಅಂತ ಅಡ್ಡಮಳಿ ಹೊಡೀತು. ಹಿತ್ತಲದಾಗ ಮದಿವಿ ಅಡಿಗಿ ಸೌದಿ ತೋಯಾಕತ್ತಿದ್ದವು. ಶೇಖಪ್ಪ ಹಳೇ ಕಂಬಳಿ ಕೊಪ್ಪಿ ಮಾಡಿ ತಲಿಗೆ ಹಾಕ್ಕೊಂಡ. ಭರಮಣ್ಣ ಹೊಸಾದನ್ನ ಹಾಕ್ಕೊಂಡ. ಇಬ್ಬರೂ ಓಡಿ ಹೋಗಿ ಸೌದಿ ಒಳಗ ಹಾಕಿ ಬಂದ್ರು.

ಪಡಸಾಲ್ಯಾಗ ನಿಂತು ಶೇಖಪ್ಪ ಕಂಬಳಿ ಝಾಡಿಸಿದ. ಮ್ಯಾಲಿನ ಹನಿ ಪಟಪಟ ಉದುರಿದವು, ಒಳಗಿನ ಅಂಗಿ ಬೆಚ್ಚಗಿತ್ತು. ಭರಮಣ್ಣ ಮಾತ್ರ ಹೊಸ್ತಿಲ ದಾಟಾಕ ಆಗಲಾರದ ಅಲ್ಲೆ ನಿಂತಿದ್ದ. ಅವನ ಕಂಬಳಿ ನೀರು ಕುಡದು ಕುಡದು ಎಮ್ಮಿಕರು ಹೊತ್ತಷ್ಟು ಭಾರ ಆಗಿತ್ತು. ಮಂಗಳವ್ವ ಒಂದು ತುದಿ, ಶಿಲ್ಪಾ ಒಂದು ತುದಿ ಹಿಡದು ಹಿಂಡಿದ್ರು. ಬಕೀಟು ತುಂಬಿತು.

“ಏನ್ರೀ ಬೀಗರ, ಇದನ್ನ ಹೊಲಕ್ಕ ಹಾಸಿದ್ರ ಬೋರ್ ಹೊಡಸೂದು ಬೇಕಾಗಂಗಿಲ್ಲ,” ಅಂದ ಶೇಖಪ್ಪ.

“ತೋಯ್ದಿದ್ದು ಪುಕ್ಕಟ ಬಂದಿದ್ದು! ರೊಕ್ಕಾ ಕೊಟ್ಟು ತಂದಿದ್ದು ಒಳಗೈತಿ, ಅದನ್ನ ನೋಡ್ರಿ!” ಅಂತ ಭರಮಣ್ಣ ನಡಗಿಕೋತ ಎರಡನೇದನ್ನ ಹೊತಗೊಂಡು ಒಲಿ ಮುಂದ ಬೆನ್ನು ಕಾಸಿಕೋತ ಕುಂತ. ಶೇಖಪ್ಪನೂ ಬಾಜೂಕ ಕುಂತ. ಹಸೀ ಸೌದಿ ಚಟ್ ಅಂತ ಸಿಡೀತು. ಒಂದು ಕಿಡಿ ಶೇಖಪ್ಪನ ಕಂಬಳಿ ಮ್ಯಾಲೆ, ಒಂದು ಭರಮಣ್ಣನ ಕಂಬಳಿ ಮ್ಯಾಲೆ ಬಿತ್ತು. ಶೇಖಪ್ಪ ಬೆರಳಿಲೆ ಕಿಡಿ ಸಿಡಿಸಿದ, ಅಲ್ಲಿಗೆ ಮುಗೀತು. ಭರಮಣ್ಣನ ಕಂಬಳಿ ಚುರ್ ಅಂತ ಕರಗಿ ನಟ್ಟನಡುವ ಅಂಗೈಯಷ್ಟು ತೂತು ಬಿತ್ತು. “ಅಯ್ಯಯ್ಯೋ ನನ್ನ ಬೆನ್ನು!” ಅಂತ ಅವ ಜಿಗದು ನಿಂತ. ಪುಣ್ಯಾಕ ಒಳಗಿನ ಅಂಗಿ ತೋದಿತ್ತು, ಮೈ ಸುಡಲಿಲ್ಲ.

ಆದರೂ ಮೀಸಿ ಇಳೀಲಿಲ್ಲ ನೋಡ್ರಿ. “ಇದೇನ ದೊಡ್ಡ ಮಾತಲ್ಲ ಬೀಗರ. ದಕ್ಷಿಣ ಅಮೆರಿಕಾ ಅಂತ ಐತಿ, ಅಲ್ಲಿ ಗುಡ್ಡದ ಮಂದಿ ಕಂಬಳಿ ನಡುವ ತೂತು ಇಟ್ಟು, ಅದರಾಗ ತಲಿ ತೂರಿಸಿಕೊಂಡು ಅಡ್ಡಾಡತಾರ. ಶಿಲ್ಪಾನ ಪುಸ್ತಕದಾಗ ಚಿತ್ರಾ ಐತಿ.”

“ಅಪ್ಪಾ, ಆ ತೂತು ಅವರು ನೇಯೂವಾಗ ಬಿಡತಾರ, ಒಲಿ ಮುಂದ ಕುಂತು ಮಾಡಿಕೊಳ್ಳಂಗಿಲ್ಲ!” ಅಂದ್ಲು ಶಿಲ್ಪಾ. “ಅವರದೂ ಉಣ್ಣಿ, ಅವರದೂ ಕೈಮಗ್ಗ. ಅತ್ತಿ ಮಾಡೂ ಕೆಲಸಾನ ಅಲ್ಲೂ ಮಾಡತಾರ.”

ಶೇಖಪ್ಪ ನಗು ತಡಕೊಂಡು ಎರಡೂ ಕಂಬಳಿಯಿಂದ ಒಂದೊಂದು ಎಳಿ ಕಿತ್ತ. ಮೊದಲು ತನ್ನ ಕಂಬಳಿ ಎಳಿ ಇಕ್ಳದಾಗ ಹಿಡದು ಬೆಂಕಿಗೆ ತೋರಿಸಿದ. ತಲಿಗೂದಲ ಸುಟ್ಟಂಗ ವಾಸನಿ ಬಂತು, ಬೂದಿ ಬೆರಳಾಗ ತಿಕ್ಕಿದ್ರ ಪುಡಿ ಆತು. ಭರಮಣ್ಣನ ಎಳಿ ಕರಗಿ ಸಾಸವಿ ಕಾಳಿನಂಗ ಗಟ್ಟಿ ಉಂಡಿ ಆತು. ಎಷ್ಟು ತಿಕ್ಕಿದ್ರೂ ಒಡೀಲಿಲ್ಲ.

“ಕೂದಲ ವಾಸನಿ ಬಂದ್ರ ಕುರಿ, ಕರಗಿ ಉಂಡಿ ಆದ್ರ ಪ್ಲಾಸ್ಟಿಕ್ಕಿನ ತಮ್ಮ,” ಅಂದ ಶೇಖಪ್ಪ. “ಬೀಗರ, ಇದರ ಮ್ಯಾಲೆ ನನ್ನ ಮಗನ್ನ, ನಿಮ್ಮ ಮಗಳನ್ನ ಕುಂದ್ರಿಸಿ ಮುಂದ ದೀಪಾ ಹಚ್ಚತೀರೇನು?”

ಭರಮಣ್ಣ ತೂತು ಬಿದ್ದ ಕಂಬಳಿ ಮಡಚಿ ಬದಿಗಿಟ್ಟ. ಆಮ್ಯಾಲೆ ಮೆಲ್ಲಕ ಅಂದ, “ತಪ್ಪ ಮಾಡೇನ್ರಿ. ಕಂಬಳಿ ಸುಟ್ಟರ ಸುಡವಲ್ದ್ಯಾಕ. ನಮ್ಮಕ್ಕ ಚಾ ಕುಡೀಲಾರದ ಹೋಗ್ಯಾಳ. ನಾಳೆ ಸೋಮವಾರ, ಕುಣಿ ಮುಚ್ಚತಾರ.”

“ಹಂಗಾದ್ರ ಲಗೂ ಹೋಗಿ ನನ್ನ ಹೆಸರಿಲೆ ಎರಡು ಕಂಬಳಿ ಹೇಳಿ ಬರ್ರಿ,” ಅಂದ ಶೇಖಪ್ಪ.

ಮರುದಿನ ಮುಂಜಾನಿ ಮೊದಲನೇ ಬಸ್ಸಿಗೆ ಭರಮಣ್ಣ ಮೆಡ್ಲೇರಿಗೆ ಹೋದ. ಅಕ್ಕನ ಮನಿ ಒಳಗ ಕಾಲಿಟ್ಟ. ಮಗ್ಗದ ಕಟಿಗಿ ಬಿಚ್ಚಿ ಗ್ವಾಡಿಗೆ ಆನಿಸಿದ್ರು. ಕುಣಿ ಬಾಜೂಕ ನಾಕು ಬುಟ್ಟಿ ಮಣ್ಣು. ಶಂಕ್ರಪ್ಪ ಮೊದಲನೇ ಬುಟ್ಟಿ ಎತ್ತಾಕ ಬಗ್ಗಿದ್ದ.

ಭರಮಣ್ಣ ಚಪ್ಪಲಿ ಎಲ್ಲಿ ಬಿಟ್ಟನೋ, ಧುಡುಂ ಅಂತ ಕುಣ್ಯಾಗ ಜಿಗದು ಕುಂತೇ ಬಿಟ್ಟ. “ಹಾಕು ಮಾವಾ! ಮೊದಲು ನನ್ನ ಮ್ಯಾಲೆ ಹಾಕು ಮಣ್ಣು!”

ಕುಣಿ ಮೊಣಕಾಲ ಮಟ ಇತ್ತು. ಅವನ ಕಾಲು ಅಷ್ಟ ಒಳಗ ಹೋದವು, ಹೊಟ್ಟಿ ಮ್ಯಾಲೇನ ಉಳೀತು. ಶಂಕ್ರಪ್ಪ ಬುಟ್ಟಿ ಹಿಡಕೊಂಡು ಕಣ್ಣು ಕಣ್ಣು ಬಿಟ್ಟ. “ಏಳೋ ಮಾರಾಯಾ! ಅದು ನಾ ಕುಂದ್ರೂ ಜಾಗಾ!”

“ಮತ್ತ ನಿನ್ನ ಜಾಗಾ ಆಗಿದ್ರ ಬಂದು ಕುಂದ್ರು! ನಮ್ಮ ಬೀಗರು ಎರಡು ಕಂಬಳಿ ಹೇಳ್ಯಾರ, ನನಗೊಂದು ಬೇಕು. ನೀ ಬಂದು ಕುಂದ್ರೂ ಮಟ ನಾ ಏಳಂಗಿಲ್ಲ.”

ಫಕ್ಕೀರವ್ವ ಬಾಯಿಗೆ ಸೆರಗು ಹಿಡದು ನಿಂತಿದ್ಲು. ಅಳತಾಳೋ ನಗತಾಳೋ ಗೊತ್ತಾಗವಲ್ದು. ಒಳಗ ಹೋಗಿ ಒಂದು ಕಂಬಳಿ ತಂದ್ಲು. ಮಡಿಕಿ ನಡುವ ಬೇವಿನ ಎಲಿ. ಅಂಚಿಗೆ ಹಸರ ದಾರ ಹಾಕಿ ಹೊಲದಿತ್ತು. ಅವತ್ತು ಬಾಗಲಾಗ ಶಿಲ್ಪಾ ಅತ್ತಿ ಕಿವಿಯಾಗ ಹೇಳಿದ್ದು ಆ ಬಣ್ಣಾನ.

“ಸಿಟ್ಟು ನಿನ್ನ ಮ್ಯಾಲೆ ತಮ್ಮಾ, ಹುಡುಗಿ ಮ್ಯಾಲೆ ಅಲ್ಲ. ತಗೋ. ತಣ್ಣೀರಾಗ ಅಷ್ಟ ತೊಳೀರಿ. ಬಿಸಿನೀರಾಗ ಹಾಕಿದ್ರ ಮುದುಡಿ ಕೂಸಿನ ಕುಂಚಿಗಿ ಆಗತೈತಿ. ಒಣಗಿಸಿ, ಬೇವಿನ ಎಲಿ ಹಾಕಿ ಇಡ್ರಿ, ನಿನ್ನ ಮೊಮ್ಮಕ್ಕಳ ಮದಿವಿಗೂ ಬರತೈತಿ.”

ಭರಮಣ್ಣ ಕುಣ್ಯಾಗ ಕುಂತಾನ ಕಂಬಳಿ ಮಾರಿಗೆ ಒತ್ತಿಕೊಂಡ. ಕುರಿ ವಾಸನಿ, ಎಳಿ ಗಟ್ಟಿ ಆಗಲಿ ಅಂತ ಹಚ್ಚಿದ ಹುಣಸಿಬೀಜದ ಗಂಜಿ ವಾಸನಿ. ಸಣ್ಣಾಂವ ಇದ್ದಾಗ ಮಳ್ಯಾಗ ಅಕ್ಕನ ಕೊಪ್ಪಿ ಒಳಗ ಹೊಕ್ಕೊಂಡು ಸಾಲಿಗೆ ಹೋಗಿದ್ದು ನೆನಪಾತು.

“ಚುಚ್ಚತೈತೇನೋ?” ಅಂದ್ಲು ಅಕ್ಕ.

“ಚುಚ್ಚಲಿ ಬಿಡಕ್ಕಾ. ಮೊದಲು ಚಾ ಮಾಡು. ಇಬ್ಬರೂ ಕೂಡಿ ಕುಡಿಯೂಣು.”

ಆ ಮಣ್ಣು ಅಂಗಳದ ತಗ್ಗಿಗೆ ಹೋತು, ಮಗ್ಗ ಮತ್ತ ಕುಣಿಗೆ ಬಂತು. ಮದಿವಿ ಚಂದಾಗಿ ಆತು, ಕಂಬಳಿ ನೋಡಿ ನಾಕು ಮಂದಿ ಅಲ್ಲ, ಏಳು ಮಂದಿ ಮೆಡ್ಲೇರಿ ದಾರಿ ಕೇಳಿದ್ರು. ತೂತು ಬಿದ್ದ ಕಂಬಳಿಯೊಳಗ ಭರಮಣ್ಣನ ಮನಿ ಆಡು ತಲಿ ತೂರಿಸಿ, ಓಣಿ ತುಂಬ ಅಮೆರಿಕಾದಾವರಂಗ ಅಡ್ಡಾಡಿ ಬಂತು.

ಅಕ್ಕಾರ, ಅಣ್ಣಾರ, ಓದಿ ನಕ್ಕು ಈ ಹಾಳಿ ಮಡಚಿ ಇಡಬ್ಯಾಡ್ರಿ. ಸಂತ್ಯಾಗ ಕಂಬಳಿ ಅಂದಿದ್ದೆಲ್ಲಾ ಕಂಬಳಿ ಅಲ್ಲ. ಒಂದ ಒಂದು ಎಳಿ ಕಿತ್ತು, ಇಕ್ಳದಾಗ ಹಿಡದು ಸುಟ್ಟು ನೋಡ್ರಿ. ಭರಮಣ್ಣನಂಗ ಹೊತಗೊಂಡು ಪರೀಕ್ಷಾ ಮಾಡಾಕ ಹೋಗಬ್ಯಾಡ್ರಿ. ಮನ್ಯಾಗ ಮದಿವಿ, ತೊಟ್ಟಲ ಕಾರ್ಯ ಬಂದ್ರ ನಿಮ್ಮ ಸುತ್ತಮುತ್ತ ಯಾರ ಮನ್ಯಾಗ ಮಗ್ಗ ಐತಿ ಅಂತ ಕೇಳ್ರಿ, ನೇಯ್ದಾವರ ಕೈಯಿಂದಾನ ತಗೋರಿ. ಕುಣಿ ಮುಚ್ಚಾಕ ನಾಕು ಬುಟ್ಟಿ ಮಣ್ಣು ಸಾಕ್ರಿ. ಆ ಬುಟ್ಟಿ ಎತ್ತೂಕಿಂತ ಮೊದಲು ನೀವು ಹೋಗಿ ಬಾಗಲಾಗ ನಿಂತು “ನಮಗೊಂದು ಕಂಬಳಿ ಬೇಕು” ಅನ್ರಿ.