ಹೆಸರು ಇದ್ದ ಜಾಗ

ಅರವತ್ತು ದಾಟಿದ ಲಿಂಗಣ್ಣ ಎಂಬವರು ಗರ್ಭಿಣಿಯೆಂದು ಹಿಮಾಯತ್‌ನಗರದ ಲ್ಯಾಬೊಂದು ಚೀಟಿ ಕೊಟ್ಟ ಸುದ್ದಿ ಬಂದಾಗ ಗಚ್ಚಿಬೌಲಿಯ ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೃಪಾ ನಗಲಿಲ್ಲ. ಆ ಲ್ಯಾಬಿನ ಸಾಫ್ಟ್‌ವೇರ್ ಬರೆದವಳು ಅವಳೇ.

ಮಧ್ಯಾಹ್ನದೊಳಗೆ ತಪ್ಪು ಸಿಕ್ಕಿತು. ರಕ್ತ ಪರೀಕ್ಷಿಸುವ ಯಂತ್ರದ ಕೋಡು ಹಳೆಯ ಸಿ ಭಾಷೆಯದು, ಕೃಪಾಳದು ಸಿ ಶಾರ್ಪ್. ಹಳೆಯದು ಪರೀಕ್ಷೆಯ ಅಂಕಿಯನ್ನೇನೋ ಕೈಗೇ ಕೊಡುತ್ತದೆ. ಹೆಸರು ಮಾತ್ರ ಮೆಮೊರಿಯಲ್ಲಿ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಅಲ್ಲಿರುವುದು ಒಂದೇ ಸ್ಲೇಟು ಅನ್ನಿ. ಮುಂದಿನ ರೋಗಿ ಬಂದರೆ ಹಿಂದಿನ ಹೆಸರು ಒರೆಸಿ ಹೊಸದು ಬರೆಯುತ್ತದೆ. ಆ ಗಳಿಗೆಯಲ್ಲೇ ನಕಲು ಮಾಡಿಕೊಳ್ಳಬೇಕಿತ್ತು. ನಮ್ಮ ಜಾಣೆ ಜಾಗ ಗುರುತಿಟ್ಟುಕೊಂಡು, ಚೀಟಿ ಅಚ್ಚಾಗುವಾಗ ಓದಿದರಾಯಿತು ಎಂದು ಬಿಟ್ಟಿದ್ದಳು. ಸಾಫ್ಟ್‌ವೇರ್ ಪರೀಕ್ಷಿಸುವಾಗ ಎಲ್ಲ ಸ್ಯಾಂಪಲ್ಲಿಗೂ ತನ್ನದೇ ಹೆಸರು ಕೊಟ್ಟಿದ್ದಳು, ತಪ್ಪು ಕಾಣುವುದಾದರೂ ಹೇಗೆ? ಲ್ಯಾಬಿನಲ್ಲೋ ಬೆಳಗಾದರೆ ಖಾಲಿ ಹೊಟ್ಟೆಯವರ ಸಾಲು. ನೂಕುನುಗ್ಗಲಾದಾಗ ಒಬ್ಬರ ಅಂಕಿ ಹಿಂದೆ ನಿಂತವರ ಹೆಸರಿಗೆ ಹೋಗಿತ್ತು.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುವಂತೆ, ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಆದರೆ ಸಾಫ್ಟ್‌ವೇರ್ ಹಾಕಿದ ಈ ಮೂರು ವಾರದಲ್ಲಿ ಯಾರ ಚೀಟಿ ಯಾರಿಗೆ ಹೋಯಿತು? ದಾಖಲೆಯೂ ಅದೇ ಸ್ಲೇಟು ನೋಡಿ ಬರೆದದ್ದು. ರಕ್ತವನ್ನು ಆಗಲೇ ಚೆಲ್ಲಿಯಾಗಿತ್ತು. ಎಲ್ಲರಿಗೂ ಫೋನು ಮಾಡುತ್ತೇನೆಂದರೆ ಲ್ಯಾಬಿನವರು ನಂಬರು ಕೊಡಲಿಲ್ಲ.

"ಹೊಸ ವರ್ಷನ್ ಕಳಿಸಿ. ಹಳೆಯದನ್ನ ಕೆದಕಬೇಡಿ," ಎಂದ ಅವಳ ಆಫೀಸಿನ ಮ್ಯಾನೇಜರ್ ಚೇತನಕುಮಾರ.

ಕೆದಕದೆ ಹೇಗಿರುತ್ತಾಳೆ? ಮನೆಯಲ್ಲಿ ಅಡುಗೆ ಮಾಡುವ ಯಾದಗಿರಿಯ ರೇಣುಕಾಳಿಗೆ ಕಾಲ್ಬೆರಳಿನ ಹುಣ್ಣು ಮಾಯದಿದ್ದಾಗ ಅದೇ ಲ್ಯಾಬಿಗೆ ಕಳಿಸಿದವಳು ಕೃಪಾ. ಚೀಟಿ ಓದಿ "ಸಕ್ಕರೆ ಕಾಯಿಲೆ ಇಲ್ಲ ರೇಣುಕಾ, ಅರಿಶಿನ ಹಚ್ಚು ಸಾಕು," ಎಂದವಳೂ ಅವಳೇ. ಸಂಜೆಯೇ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಮುನ್ನೂರೆಂಬತ್ತು. ಬೆರಳು ಕಪ್ಪಾಗಿತ್ತು, ತೆಗೆಯಲೇಬೇಕು ಎಂದರು ಡಾಕ್ಟರು.

ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಕೃಪಾ ಒಂದನ್ನೂ ಬಚ್ಚಿಡದೆ ಹೇಳಿದಳು. ರೇಣುಕಾ ಗೋಡೆಯ ಕಡೆ ತಿರುಗಿದಳು.

"ನಿಮ್ಮನ್ನ ನಂಬಿದ್ನಲ್ರಿ ಅಕ್ಕಾರ."

ಕೃಪಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರೇಣುಕಾಳೇ ಈ ಕಡೆ ಹೊರಳಿದಳು. "ನನ್ನ ಚೀಟಿ ಹೋದವ್ರು ಇಲ್ಲದ ಬ್ಯಾನಿಗೆ ಗುಳಿಗಿ ನುಂಗಾಕತ್ತಿರ್ತಾರ. ಅವರಿಗರೆ ಜಲ್ದಿ ಹೇಳ್ರಿ."

ಕೃಪಾ ಹೂಂ ಎಂದು ಫೋನು ತೆಗೆದಳು. ಯಾರ ನಂಬರು ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ.